ಕಾಸ್ಮಿಕ್: ಪಟ್ಟಿ ಸೊಗಸಾಗಿದೆ, ತೀರ್ಪು ಮಾತ್ರ ಕೇಳಬೇಡಿ

ನನ್ನ ಕಂಪ್ಯೂಟರಿನಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ತೆರೆದೇ ಇರೋದು ಕಾಸ್ಮಿಕ್. ಪೂರ್ತಿ ಹೆಸರು ಕ್ಯಾಟಲಾಗ್ ಆಫ್ ಸೊಮ್ಯಾಟಿಕ್ ಮ್ಯುಟೇಶನ್ಸ್ ಇನ್ ಕ್ಯಾನ್ಸರ್, ಅಷ್ಟುದ್ದ ಯಾರೂ ಹೇಳೋದಿಲ್ಲ ಬಿಡಿ. ಕ್ಯಾನ್ಸರ್ ಗೆಡ್ಡೆಗಳ ಡಿಎನ್‌ಎಯಲ್ಲಿ ಯಾರ್ಯಾರು ಯಾವ್ಯಾವ ಬದಲಾವಣೆ ಕಂಡರು ಅನ್ನೋದನ್ನು ಒಂದೇ ಕಡೆ ಬರೆದಿಟ್ಟ ದೊಡ್ಡ ಲೆಕ್ಕದ ಪುಸ್ತಕ ಅಂದುಕೊಳ್ಳಿ. ಇಂಗ್ಲೆಂಡಿನ ಕೇಂಬ್ರಿಜ್ ಹತ್ತಿರ ಹಿಂಕ್ಸ್‌ಟನ್ ಅನ್ನೋ ಹಳ್ಳಿಯಲ್ಲಿರುವ ವೆಲ್‌ಕಮ್ ಸ್ಯಾಂಗರ್ ಇನ್‌ಸ್ಟಿಟ್ಯೂಟ್‌ನವರು ಇದನ್ನು ನಡೆಸುತ್ತಾರೆ. ನನ್ನ ಕೆಲಸ ಗೆಡ್ಡೆಗಳ ಜೀನ್ ಟೆಸ್ಟ್ ರಿಪೋರ್ಟ್ ಬರೆಯೋದು. ಹೀಗಾಗಿ ಇದನ್ನು ಬಳಸುವುದು ನನಗೆ ಹವ್ಯಾಸ ಅಲ್ಲ, ಹೊಟ್ಟೆಪಾಡು.

ಆ ಸಂಸ್ಥೆ ಬಗ್ಗೆ ಒಂದು ಕಥೆ ಇದೆ. 1993ರಲ್ಲಿ ಅದನ್ನು ಶುರು ಮಾಡುವಾಗ ಫ್ರೆಡ್ ಸ್ಯಾಂಗರ್ ಹೆಸರಿಡೋಣ ಅಂದುಕೊಂಡರು. ಡಿಎನ್‌ಎ ಓದುವ ವಿಧಾನ ಕೊಟ್ಟವರು, ರಸಾಯನಶಾಸ್ತ್ರದಲ್ಲೇ ಎರಡು ಸಲ ನೊಬೆಲ್ ತಗೊಂಡವರು, 1958ರಲ್ಲಿ ಒಂದು, 1980ರಲ್ಲಿ ಇನ್ನೊಂದು. ನಿಮ್ಮ ಹೆಸರಿಡಬಹುದಾ ಅಂತ ಕೇಳಿದ್ದಕ್ಕೆ, ಹಾಗಾದ್ರೆ ಅದು ಚೆನ್ನಾಗೇ ಇರಬೇಕು ಅಂದರಂತೆ. ಆಯ್ತಾ ಅಂತ ನೋಡೋದಕ್ಕೆ ನನಗೆ ಗೊತ್ತಿರುವ ದಾರಿ, ಅವರ ಈ ಪಟ್ಟಿಯನ್ನು ದಿನವೂ ಬಳಸೋದು.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಒಳ್ಳೆಯದು ಜಾಸ್ತಿ ಇದೆ.

ಬಿ-ರಾಫ್ ಅಂತ ಟೈಪ್ ಮಾಡಿ. ಜೀನಿನ ಪುಟ ತೆರೆಯುತ್ತದೆ. ಆ ಪ್ರೋಟೀನಿನ 766 ಅಮೈನೋ ಆಮ್ಲಗಳನ್ನು ಎಡದಿಂದ ಬಲಕ್ಕೆ ಹಾಸಿ, ಯಾವ ಜಾಗದಲ್ಲಿ ಎಷ್ಟು ಸಲ ಬದಲಾವಣೆ ಸಿಕ್ಕಿದೆ ಅಂತ ಗೆರೆ ಎಳೆದಿರುತ್ತಾರೆ. ನೋಡಿದ ತಕ್ಷಣ ಕಣ್ಣಿಗೆ ಬೀಳೋದು 600ನೇ ಜಾಗ. ಬಯಲಲ್ಲಿ ಒಂಟಿ ಗರುಡಗಂಬ ನಿಂತ ಹಾಗೆ! ಉಳಿದದ್ದೆಲ್ಲ ಹುಲ್ಲು. ಈಗ ಟಿಪಿ53 ತೆಗೆಯಿರಿ. ಅಲ್ಲಿ 175, 248, 273 ಅಂತ ಕೆಲವು ಎತ್ತರದ ಗೆರೆಗಳಿವೆ, ಅವುಗಳ ಮಧ್ಯೆಯೂ ಸಾಕಷ್ಟು ಗದ್ದಲ. ಆಮೇಲೆ ಎಪಿಸಿ ಜೀನ್ ನೋಡಿ. ಉದ್ದಕ್ಕೂ ಅಲ್ಲಲ್ಲಿ ಪ್ರೋಟೀನನ್ನು ಅರ್ಧಕ್ಕೇ ತುಂಡು ಮಾಡುವ ಬದಲಾವಣೆಗಳು. ಈ ಮೂರು ಚಿತ್ರ ನೋಡಿದರೆ ಅರ್ಧ ಪಾಠ ಆದ ಹಾಗೆ. ಪ್ರೋಟೀನನ್ನು ಒಂದು ಮೋಟರು ಅಂದುಕೊಳ್ಳಿ. ಮೋಟರು ನಿಲ್ಲದೆ ಓಡುತ್ತಲೇ ಇರಬೇಕು ಅಂದರೆ ಸ್ವಿಚ್ಚಿನ ಒಂದೇ ಒಂದು ಜಾಗ ಕಚ್ಚಿಕೊಳ್ಳಬೇಕು. ಮೋಟರು ನಿಲ್ಲಿಸಬೇಕು ಅಂದರೆ ವೈರನ್ನು ಎಲ್ಲಿ ಕತ್ತರಿಸಿದರೂ ಆಯಿತು. ಬಿ-ರಾಫ್ ಮೊದಲನೇ ಥರ, ಎಪಿಸಿ ಎರಡನೇ ಥರ. ಲ್ಯಾಬಿಗೆ ಹೊಸಬರು ಬಂದರೆ ನಾನು ಮೊದಲು ತೋರಿಸೋದು ಇದನ್ನೇ, ಪಠ್ಯಪುಸ್ತಕ ಆಮೇಲೆ.

ಆ ಗರುಡಗಂಬಕ್ಕೂ ಈ ಸಂಸ್ಥೆಗೂ ಹಳೇ ನಂಟು. ಮೈಕ್ ಸ್ಟ್ರಾಟನ್, ಆಂಡಿ ಫ್ಯೂಟ್ರೀಲ್ ಮುಂತಾದವರಿದ್ದ ಅಲ್ಲಿನ ಕ್ಯಾನ್ಸರ್ ಜೀನೋಮ್ ಪ್ರಾಜೆಕ್ಟ್ ತಂಡ 2002ರಲ್ಲಿ ಬಿ-ರಾಫ್ ಬದಲಾವಣೆಯನ್ನು ಪ್ರಕಟಿಸಿತು. ಅವರು ನೋಡಿದ ಮೆಲನೋಮಗಳಲ್ಲಿ, ಅಂದರೆ ಚರ್ಮದ ಒಂದು ಕೆಟ್ಟ ಕ್ಯಾನ್ಸರಿನಲ್ಲಿ, ಮೂರರಲ್ಲಿ ಎರಡರಷ್ಟಕ್ಕೆ ಅದಿತ್ತು. ಒಂಬತ್ತು ವರ್ಷ ಬಿಟ್ಟು, 2011ರಲ್ಲಿ, ಅದನ್ನೇ ಗುರಿಯಿಟ್ಟ ವೆಮುರಾಫೆನಿಬ್ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕ್ಯಾನ್ಸರ್ ಸಂಶೋಧನೆಯಲ್ಲಿ ಇದು ಬಹಳ ಬೇಗ.

ಇಲ್ಲೊಂದು ತಮಾಷೆ. 2002ರ ಆ ಲೇಖನದಲ್ಲಿ ಅದರ ಹೆಸರು ವಿ599ಇ, ಅಂದರೆ 599ನೇ ಜಾಗದಲ್ಲಿ ವಿ ಅನ್ನೋ ಅಮೈನೋ ಆಮ್ಲ ಹೋಗಿ ಇ ಅನ್ನೋದು ಬಂದಿದೆ ಅಂತ. ಇವತ್ತು ಎಲ್ಲರೂ ಹೇಳೋದು ವಿ600ಇ. ಆಗ ಬಳಸುತ್ತಿದ್ದ ಮೂಲ ಡಿಎನ್‌ಎ ಪ್ರತಿಯಲ್ಲಿ, ಜೀನಿನ ಶುರುವಿನಲ್ಲೇ, ಮೂರು ಅಕ್ಷರ ಬಿಟ್ಟುಹೋಗಿತ್ತು. ಮೂರು ಅಕ್ಷರ ಅಂದರೆ ಒಂದು ಅಮೈನೋ ಆಮ್ಲ. ಅದನ್ನು ತಿದ್ದಿದ ಮೇಲೆ ಎಲ್ಲರ ನಂಬರೂ ಒಂದು ಮುಂದಕ್ಕೆ ಹೋಯಿತು. ಅಳಿಯ ಅಲ್ಲ, ಮಗಳ ಗಂಡ. ಆದರೆ ಹಳೇ ಲೇಖನ ಓದುವವನಿಗೆ ಇದು ಗೊತ್ತಿಲ್ಲದಿದ್ದರೆ ಎರಡು ಬೇರೆ ಬೇರೆ ಬದಲಾವಣೆ ಅಂತಲೇ ಬರೆದುಕೊಳ್ಳುತ್ತಾನೆ. ಇಂಥವನ್ನೆಲ್ಲ ಕಂಡುಹಿಡಿದು ಒಂದೇ ಸಾಲಿಗೆ ತರಬೇಕಾದರೆ ಯಾರಾದರೂ ಕೂತು ಓದಲೇಬೇಕು.

ಕಾಸ್ಮಿಕ್‌ನ ನಿಜವಾದ ಬಂಡವಾಳ ಅದೇ, ಓದುವ ಜನ. ಕ್ಯುರೇಟರ್ ಅಂತಾರೆ ಅವರನ್ನು. ಪ್ರಕಟವಾದ ಲೇಖನಗಳನ್ನು, ಅದರ ಕೋಷ್ಟಕಗಳನ್ನು, ಕೊನೆಯಲ್ಲಿ ಅಂಟಿಸಿರುವ ಪುರವಣಿಗಳನ್ನು ಓದಿ, ಯಾವ ಅಂಗದ ಯಾವ ಥರದ ಗೆಡ್ಡೆ, ಎಷ್ಟು ಮಾದರಿ, ಯಾವ ಬದಲಾವಣೆ ಅಂತ ಬಿಡಿಸಿ ಒಳಗೆ ಹಾಕುತ್ತಾರೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ. 2004ರಲ್ಲಿ ಶುರು ಮಾಡಿದಾಗ ಇದ್ದದ್ದು ನಾಲ್ಕೇ ಜೀನು: ಎಚ್-ರಾಸ್, ಕೆ-ರಾಸ್, ಎನ್-ರಾಸ್, ಬಿ-ರಾಫ್. 66,634 ಮಾದರಿ, 10,647 ಬದಲಾವಣೆ. 2018ರ ಹೊತ್ತಿಗೆ 26,000ಕ್ಕೂ ಹೆಚ್ಚು ಲೇಖನ ಓದಿ, 14 ಲಕ್ಷ ಮಾದರಿಗಳಿಂದ ಸುಮಾರು 60 ಲಕ್ಷ ಬದಲಾವಣೆ ಸೇರಿಸಿದ್ದರು.

ಆ ಮೊದಲ ವರ್ಷದ ಲೆಕ್ಕವನ್ನು ಇನ್ನೊಂದು ಸಲ ನೋಡಿ. ಅರವತ್ತಾರು ಸಾವಿರ ಮಾದರಿ, ಹತ್ತು ಸಾವಿರ ಬದಲಾವಣೆ. ಅಂದರೆ ಹೆಚ್ಚಿನ ಮಾದರಿಗಳಲ್ಲಿ ಏನೂ ಸಿಗಲಿಲ್ಲ. ಆ ಏನೂ ಸಿಗಲಿಲ್ಲ ಅನ್ನೋದನ್ನೂ ಬರೆದಿಟ್ಟಿದ್ದಾರಲ್ಲ, ಅದು ನನಗೆ ಎಲ್ಲಕ್ಕಿಂತ ಇಷ್ಟ. ಸಿಕ್ಕಿದ್ದನ್ನು ಎಲ್ಲರೂ ಬರೆಯುತ್ತಾರೆ. ಸಿಗದೇ ಇದ್ದದ್ದನ್ನು ಬರೆಯುವವನಿಗೆ ತಾಳ್ಮೆ ಬೇಕು. ಅದಿಲ್ಲದಿದ್ದರೆ ನೂರಕ್ಕೆ ಎಷ್ಟು ಅಂತ ಹೇಳೋಕೇ ಆಗೋದಿಲ್ಲ, ಬರೀ ಎಷ್ಟು ಅಂತ ಮಾತ್ರ ಹೇಳಬಹುದು.

ಈಗ ನನ್ನ ಮಾನ ಕಳೆದುಕೊಂಡ ಕಥೆ. ಇದರಲ್ಲಿ ಕಾಸ್ಮಿಕ್‌ನ ತಪ್ಪಿಲ್ಲ, ತಪ್ಪು ಪೂರ್ತಿ ನಂದು. ಕೆಲಸಕ್ಕೆ ಸೇರಿದ ಹೊಸತು. ಒಂದು ಗೆಡ್ಡೆಯಲ್ಲಿ ಕಿಟ್ ಅನ್ನೋ ಜೀನಿನ ಎಂ541ಎಲ್ ಬದಲಾವಣೆ ಬಂತು. ಕಾಸ್ಮಿಕ್‌ನಲ್ಲಿ ಹುಡುಕಿದೆ, ಇತ್ತು. ಒಂದೆರಡು ಸಲ ಅಲ್ಲ, ಬೇರೆ ಬೇರೆ ಕ್ಯಾನ್ಸರಿನಲ್ಲಿ ಹಲವು ಸಲ. ಕಿಟ್ ಅಂದರೆ ಔಷಧ ಇರುವ ಜೀನು. ಖುಷಿಯಿಂದ ಡ್ರಾಫ್ಟಿನ ಮೊದಲ ಸಾಲಿನಲ್ಲೇ ಹಾಕಿ ಮೇಡಂ ಟೇಬಲ್ಲಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಕರೆ ಬಂತು.

"ಇದನ್ನ ಯಾಕಪ್ಪಾ ಮೇಲೆ ಹಾಕಿದೀಯ?"

"ಕಾಸ್ಮಿಕ್‌ನಲ್ಲಿದೆ ಮೇಡಂ."

"ಇರ್ಲಿ. ಎಷ್ಟು ರೀಡ್‌ನಲ್ಲಿದೆ?"

"ಅರ್ಧಕ್ಕರ್ಧ ಮೇಡಂ. ನಲವತ್ತೊಂಬತ್ತು ಪರ್ಸೆಂಟ್."

"ಬಯಾಪ್ಸಿಯಲ್ಲಿ ಗೆಡ್ಡೆ ಸೆಲ್ ಎಷ್ಟು?"

ಇಪ್ಪತ್ತು ಪರ್ಸೆಂಟ್. ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು. ರೀಡ್ ಅಂದರೆ ಮೆಷಿನ್ ಒಂದೊಂದಾಗಿ ಓದಿದ ಡಿಎನ್‌ಎ ತುಣುಕು. ಚೂರಿನಲ್ಲಿ ಗೆಡ್ಡೆಯ ಸೆಲ್‌ಗಳು ಐದರಲ್ಲಿ ಒಂದು ಪಾಲು, ಪ್ರತಿ ಸೆಲ್ಲಿನಲ್ಲೂ ಜೀನಿನ ಎರಡು ಪ್ರತಿ, ಅದರಲ್ಲಿ ಒಂದು ಮಾತ್ರ ಕೆಟ್ಟಿದೆ ಅಂದುಕೊಂಡರೂ ಬರಬೇಕಾದದ್ದು ಸುಮಾರು ಹತ್ತು ಪರ್ಸೆಂಟ್. ಐವತ್ತರ ಹತ್ತಿರ ಬಂದಿದೆ ಅಂದರೆ ಆ ಬದಲಾವಣೆ ಗೆಡ್ಡೆಯಲ್ಲಿ ಮಾತ್ರ ಅಲ್ಲ, ಆ ಮನುಷ್ಯನ ಎಲ್ಲಾ ಸೆಲ್‌ನಲ್ಲೂ ಇದೆ ಅಂತ ಅನುಮಾನ ಪಡಬೇಕಿತ್ತು. ಹುಟ್ಟಿನಿಂದ ಬಂದದ್ದು. ರಕ್ತದಲ್ಲಿ ನೋಡಿದರೆ ಅಲ್ಲೂ ಇತ್ತು. ಎಂ541ಎಲ್ ಅನ್ನೋದು ಆರೋಗ್ಯವಾಗಿರುವ ಎಷ್ಟೋ ಜನರಲ್ಲಿ ಸುಮ್ನೆ ಇರುವ ಸಾಮಾನ್ಯ ವ್ಯತ್ಯಾಸ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಉತ್ತರ ನನ್ನ ಕೈಯಲ್ಲಿದ್ದ ಶೇಕಡಾವಾರಿನಲ್ಲೇ ಇತ್ತು.

ಹಾಗಾದರೆ ಕಾಸ್ಮಿಕ್ ಒಳಗೆ ಅದು ಹೇಗೆ ಬಂತು? ಬಹಳ ಲೇಖನಗಳಲ್ಲಿ ಗೆಡ್ಡೆಯನ್ನು ಮಾತ್ರ ಓದಿರುತ್ತಾರೆ, ಅದೇ ಪೇಶೆಂಟಿನ ರಕ್ತವನ್ನು ಜೊತೆಗೆ ಓದಿರುವುದಿಲ್ಲ. ಹುಟ್ಟಿನಿಂದ ಬಂದದ್ದು ಯಾವುದು, ಗೆಡ್ಡೆ ಮಾಡಿಕೊಂಡದ್ದು ಯಾವುದು ಅಂತ ಅವರಿಗೇ ಗೊತ್ತಿರುವುದಿಲ್ಲ. ಲೇಖನದಲ್ಲಿ ಇದ್ದದ್ದು ಪಟ್ಟಿಗೆ ಬಂತು. ಪಟ್ಟಿಯ ಕೆಲಸ ವರದಿ ಮಾಡೋದು, ತೂಗಿ ನೋಡೋದು ಬಳಸುವವರ ಕೆಲಸ. ಬೆಳ್ಳಗಿರೋದೆಲ್ಲ ಹಾಲಲ್ಲ.

ಎಣಿಕೆಯ ವಿಷಯದಲ್ಲೂ ಇದೇ ಜಾಗ್ರತೆ ಬೇಕು. ಕೆ-ರಾಸ್‌ನ 12ನೇ ಜಾಗವನ್ನು ಜಗತ್ತಿನ ಲ್ಯಾಬುಗಳೆಲ್ಲ ದಶಕಗಳಿಂದ ಟೆಸ್ಟ್ ಮಾಡುತ್ತಿವೆ, ಅಲ್ಲಿನ ಸಂಖ್ಯೆ ಬೆಟ್ಟದಷ್ಟಿದ್ದರೆ ಆಶ್ಚರ್ಯ ಇಲ್ಲ (ಅದು ನಿಜವಾಗಿಯೂ ಅಪಾಯದ ಜಾಗ ಅನ್ನೋದು ಬೇರೆ ಮಾತು, ಅದರ ಜಿ12ಸಿ ರೂಪಕ್ಕೆ 2021ರಲ್ಲಿ ಸೊಟೊರಾಸಿಬ್ ಅನ್ನೋ ಔಷಧವೂ ಬಂತು). ಯಾರೂ ನೋಡದ ಜೀನಿನ ಮೂಲೆಯಲ್ಲಿ ಎಣಿಕೆ ಎರಡೇ ಇದ್ದರೆ ಅದು ಅಪರೂಪ ಅಂತಲೋ, ಯಾರೂ ಹುಡುಕಿಲ್ಲ ಅಂತಲೋ? ಇನ್ನು ಟೈಟಿನ್ ಅನ್ನೋ ಜೀನ್ ಇದೆ, ಸ್ನಾಯುವಿನ ಪ್ರೋಟೀನಿನದು. ಯಾವ ಕ್ಯಾನ್ಸರ್ ತೆಗೆದರೂ ಅದರಲ್ಲಿ ಬದಲಾವಣೆ ರಾಶಿ ರಾಶಿ. ಕಾರಣ ಇಷ್ಟೇ, ಅದು ಮನುಷ್ಯನ ಅತಿ ದೊಡ್ಡ ಪ್ರೋಟೀನ್, ಮೂವತ್ತು ಸಾವಿರಕ್ಕೂ ಜಾಸ್ತಿ ಅಮೈನೋ ಆಮ್ಲ. ಅಷ್ಟು ದೊಡ್ಡ ಅಂಗಳದಲ್ಲಿ ನಾಲ್ಕು ಹನಿ ಮಳೆ ಬಿದ್ದರೂ ಎರಡು ಹನಿ ಅಲ್ಲೇ ಬೀಳುತ್ತವೆ. ಅದಕ್ಕೇ ಮಳೆಗೆ ಅಂಗಳ ಕಾರಣ ಅನ್ನೋಕಾಗುತ್ತಾ?

ತೀರ್ಪಿಗೆ ಸ್ವಲ್ಪ ಹತ್ತಿರ ಬರೋದು ಇದರೊಳಗಿರುವ ಕ್ಯಾನ್ಸರ್ ಜೀನ್ ಸೆನ್ಸಸ್. 2004ರಲ್ಲಿ 291 ಜೀನುಗಳಿಂದ ಶುರುವಾಗಿ ಈಗ 700 ದಾಟಿದೆ. ಎರಡು ದರ್ಜೆ. ಕ್ಯಾನ್ಸರಿಗೆ ಕಾರಣ ಅನ್ನೋದಕ್ಕೆ ಗಟ್ಟಿ ಪುರಾವೆ ಇದ್ದರೆ ಒಂದನೇ ದರ್ಜೆ, ಇನ್ನೂ ಪುರಾವೆ ಬೆಳೆಯುತ್ತಿದ್ದರೆ ಎರಡನೇದು. ನನ್ನ ಮಾತು ಕೇಳಿದರೆ ಮೊದಲು ಇಲ್ಲಿಗೆ ಹೋಗಿ, ಆಮೇಲೆ ಎಣಿಕೆ ನೋಡಿ. ನಾನು ಎಷ್ಟೋ ವರ್ಷ ಉಲ್ಟಾ ಮಾಡುತ್ತಿದ್ದೆ.

ಸಿಗ್ನೇಚರ್ ವಿಭಾಗದ ಬಗ್ಗೆ ಹೇಳದೆ ಮುಗಿಸಿದರೆ ಪಾಪ ಬರುತ್ತದೆ. ಅಷ್ಟು ಚೆಂದ ಇದೆ ಅದು. ಡಿಎನ್‌ಎಗೆ ಪೆಟ್ಟು ಕೊಡುವ ಪ್ರತಿಯೊಂದಕ್ಕೂ ಅದರದೇ ಕೈಬರಹ ಇರುತ್ತದೆ ಅನ್ನೋದು ವಿಚಾರ. ಒಂದು ಅಕ್ಷರ ಇನ್ನೊಂದಾಗೋದು ಆರು ಥರ, ಎಡಕ್ಕೆ ಯಾವ ಅಕ್ಷರ ಬಲಕ್ಕೆ ಯಾವ ಅಕ್ಷರ ಅಂತ ಸೇರಿಸಿದರೆ 96 ಥರ. ಆ 96 ಗೆರೆಗಳ ಚಿತ್ರವನ್ನು ಆರು ಬಣ್ಣದಲ್ಲಿ ಹಾಕಿರುತ್ತಾರೆ. ಸಿ ಹೋಗಿ ಎ ಆದರೆ ತಿಳಿನೀಲಿ, ಸಿ ಹೋಗಿ ಟಿ ಆದರೆ ಕೆಂಪು, ಟಿ ಹೋಗಿ ಎ ಆದರೆ ಬೂದು, ಹೀಗೆ. ದಿನಾ ನೋಡಿ ನೋಡಿ ಈಗ ಬಣ್ಣ ಕಂಡ ಕೂಡಲೇ ಗೊತ್ತಾಗುತ್ತದೆ. ಎಡಗಡೆ ನೀಲಿ ಗುಡ್ಡೆ ಇದ್ದರೆ ಹೊಗೆಸೊಪ್ಪಿನ ಹೊಗೆ, ನಾಲ್ಕನೇ ನಂಬರಿನ ಸಿಗ್ನೇಚರ್. ಮಧ್ಯದಲ್ಲಿ ಕೆಂಪು ಗೋಪುರಗಳಿದ್ದರೆ ಬಿಸಿಲಿನ ಅತಿನೇರಳೆ ಕಿರಣ ಇರಬಹುದು, ಏಳನೇದು. ಬೂದು ಎದ್ದು ಕಂಡರೆ ಅರಿಸ್ಟೊಲೋಕಿಕ್ ಆಮ್ಲ, ಕೆಲವು ಗಿಡಮೂಲಿಕೆಗಳಲ್ಲಿರುವ ವಿಷ, 22ನೇದು. ಔಷಧಿ ಗಿಡ ಅಂತ ನಂಬಿ ತಗೊಂಡದ್ದು ಮೂತ್ರನಾಳದ ಗೆಡ್ಡೆಯ ಡಿಎನ್‌ಎಯಲ್ಲಿ ಸಹಿ ಹಾಕಿ ಹೋಗಿರುತ್ತದೆ.

ಇದರ ಬೀಜ ಬಿದ್ದದ್ದೂ ಅದೇ ಸಂಸ್ಥೆಯಲ್ಲಿ. 2010ರ ಹೊತ್ತಿಗೆ ಅಲ್ಲಿನವರು ಎರಡು ಕ್ಯಾನ್ಸರ್ ಸೆಲ್ ಸಾಲುಗಳ, ಅಂದರೆ ಲ್ಯಾಬಿನಲ್ಲಿ ಬೆಳೆಸುತ್ತಾ ಬಂದ ಗೆಡ್ಡೆ ಸೆಲ್‌ಗಳ, ಇಡೀ ಜೀನೋಮ್ (ಪೂರ್ತಿ ಡಿಎನ್‌ಎ) ಓದಿ ಪ್ರಕಟಿಸಿದರು. ಮೆಲನೋಮದಲ್ಲಿ 33,345 ಒಂಟಿ ಅಕ್ಷರದ ಬದಲಾವಣೆ, ಶ್ವಾಸಕೋಶದ್ದರಲ್ಲಿ 22,910. ಸುಮಾರು 15 ಸಿಗರೇಟಿಗೆ ಒಂದು ಬದಲಾವಣೆ ಬಿದ್ದಿದೆ ಅಂತ ಲೆಕ್ಕ ಹಾಕಿದ್ದರು. ಈ ಲೆಕ್ಕ ಕೇಳಿ ಸಿಗರೇಟು ಬಿಟ್ಟ ಒಬ್ಬ ಗೆಳೆಯ ನನಗಿದ್ದಾನೆ, ಎರಡು ತಿಂಗಳಿಗೆ ಮತ್ತೆ ಹಚ್ಚಿದ ಅನ್ನಿ. 2013ರಲ್ಲಿ ಲುಡ್ಮಿಲ್ ಅಲೆಕ್ಸಾಂಡ್ರೋವ್, ಸ್ಟ್ರಾಟನ್ ಮತ್ತು ಜೊತೆಯವರು 7,042 ಕ್ಯಾನ್ಸರುಗಳ ಸುಮಾರು 49 ಲಕ್ಷ ಬದಲಾವಣೆಗಳನ್ನು ಗಣಿತಕ್ಕೆ ಹಾಕಿ 20ಕ್ಕೂ ಹೆಚ್ಚು ಕೈಬರಹ ಬೇರ್ಪಡಿಸಿದರು. ಐದನೇ ನಂಬರಿನ ಸಿಗ್ನೇಚರ್ ಹೆಚ್ಚುಕಡಿಮೆ ಎಲ್ಲ ಕ್ಯಾನ್ಸರಿನಲ್ಲೂ ಇದೆ, ವಯಸ್ಸಾದ ಹಾಗೆ ಜಾಸ್ತಿಯಾಗುತ್ತದೆ. ಯಾಕೆ ಬರುತ್ತದೆ ಅನ್ನೋ ಕಡೆ ಕಾರಣ ಗೊತ್ತಿಲ್ಲ ಅಂತಲೇ ಬರೆದಿದ್ದಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೆಯುವ ಸೈಟು ನನಗೆ ಹಿಡಿಸುತ್ತದೆ.

ಆದರೆ ಒಂದು ಕಿವಿಮಾತು. ಕೆಲವೇ ನೂರು ಜೀನುಗಳ ಪ್ಯಾನಲ್ ಟೆಸ್ಟಿನಲ್ಲಿ ಸಿಗೋದು ಹತ್ತೋ ಹದಿನೈದೋ ಬದಲಾವಣೆ. ಹದಿನೈದನ್ನು ತಗೊಂಡು 96 ಗೆರೆಗಳಿಗೆ ಹಂಚಿ ಇದು ಹೊಗೆಸೊಪ್ಪು, ಇದು ಬಿಸಿಲು ಅಂದರೆ, ಅದು ಎರಡು ಅಕ್ಷರ ನೋಡಿ ಕೈಬರಹ ಯಾರದ್ದು ಅಂತ ಹೇಳಿದ ಹಾಗೆ. ಇಡೀ ಜೀನೋಮ್ ಓದಿದ್ದರೆ ಸರಿ. ಇಲ್ಲವಾದರೆ ಸಾಫ್ಟ್‌ವೇರ್ ಏನೋ ಒಂದು ಉತ್ತರ ಕೊಟ್ಟೇ ಕೊಡುತ್ತದೆ, ಅದೇ ಅದರ ತೊಂದರೆ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿತು, ಅದೂ ಇದೇ ಮನೆಯಿಂದ ಬಂದದ್ದು. 2015ರಲ್ಲಿ ಇನ್ಯಿಗೋ ಮಾರ್ಟಿಂಕೊರೇನಾ ಮತ್ತು ತಂಡದವರು ನಾಲ್ಕು ಜನರ ಕಣ್ಣುರೆಪ್ಪೆಯ ಚರ್ಮ ತಗೊಂಡರು. ರೆಪ್ಪೆ ಜೋತುಬಿದ್ದು ಆಪರೇಷನ್ ಮಾಡುವಾಗ ಕತ್ತರಿಸಿ ಬಿಸಾಡುವ ಚರ್ಮ, ಕ್ಯಾನ್ಸರ್ ಏನೂ ಇಲ್ಲ. ಅದರಿಂದ 234 ಪುಟ್ಟ ಚೂರು ತೆಗೆದು ಓದಿದರೆ, ಹದಿನೆಂಟರಿಂದ ಮೂವತ್ತೆರಡು ಪರ್ಸೆಂಟ್ ಸೆಲ್‌ಗಳಲ್ಲಿ ಕ್ಯಾನ್ಸರ್ ಜೀನುಗಳ ಬದಲಾವಣೆ! ಆಮೇಲೆ 2018ರಲ್ಲಿ ಅನ್ನನಾಳ ನೋಡಿದರು. ಅಲ್ಲಿ ನಾಚ್1 ಜೀನಿನ ಬದಲಾವಣೆ ಅನ್ನನಾಳದ ಕ್ಯಾನ್ಸರಿಗಿಂತ ಆರೋಗ್ಯವಾಗಿರುವ ಅನ್ನನಾಳದಲ್ಲೇ ಜಾಸ್ತಿ. ಅಂದರೆ ತಮ್ಮದೇ ಪಟ್ಟಿಯನ್ನು ಕಣ್ಣುಮುಚ್ಚಿ ಓದಬೇಡಿ ಅಂತ ಅವರೇ ತೋರಿಸಿಕೊಟ್ಟ ಹಾಗಾಯಿತು. ಕ್ಯಾನ್ಸರ್ ಜೀನ್, ಕ್ಯಾನ್ಸರ್ ಬದಲಾವಣೆ, ಆದರೂ ಕ್ಯಾನ್ಸರ್ ಇಲ್ಲ.

ಬೇರೆಯವುಗಳ ಜೊತೆ ಹೋಲಿಸಿ ಅಂತ ಕೇಳುತ್ತಾರೆ, ಚುಟುಕಾಗಿ ಹೇಳಿಬಿಡುತ್ತೇನೆ. ಒಂದಿಷ್ಟು ಪೇಶೆಂಟ್‌ಗಳ ಗುಂಪನ್ನು ಒಟ್ಟಿಗೆ ಇಟ್ಟು, ಈ ಜೀನು ಕೆಟ್ಟವರಲ್ಲಿ ಆ ಜೀನೂ ಕೆಟ್ಟಿದೆಯಾ ಅಂತ ನೋಡಬೇಕಾದರೆ ಸಿಬಯೋಪೋರ್ಟಲ್ ಚೆಂದ, ಚಿತ್ರವೂ ಬೇಗ ಬರುತ್ತದೆ. ಈ ಬದಲಾವಣೆಗೆ ಔಷಧ ಇದೆಯಾ, ಪುರಾವೆ ಎಷ್ಟು ಗಟ್ಟಿ ಅನ್ನೋದಕ್ಕೆ ಆಂಕೋಕೆಬಿ. ಹುಟ್ಟಿನಿಂದ ಬಂದದ್ದಾದರೆ ಕ್ಲಿನ್‌ವಾರ್, ಸಾಮಾನ್ಯ ಜನರಲ್ಲಿ ಎಷ್ಟಿದೆ ಅಂತ ನೋಡೋಕೆ ನೋಮ್ಯಾಡ್. ಈ ಕೊನೆಯದನ್ನು ಅವತ್ತು ನೋಡಿದ್ದರೆ ಮೇಡಂ ಮುಂದೆ ಬೆವರುವುದು ತಪ್ಪುತ್ತಿತ್ತು. ಈಗ ನನ್ನ ಕ್ರಮ ಹೀಗೆ: ಮೊದಲು ನೋಮ್ಯಾಡ್, ಆಮೇಲೆ ಕಾಸ್ಮಿಕ್.

ಬಳಸೋದು ಕಷ್ಟ ಇಲ್ಲ. ವಿಶ್ವವಿದ್ಯಾಲಯ, ಲಾಭಕ್ಕಲ್ಲದ ಸಂಶೋಧನೆ ಅಂದರೆ ನೋಂದಣಿ ಮಾಡಿಕೊಂಡು ಪುಕ್ಕಟೆ ಡೌನ್‌ಲೋಡ್ ಮಾಡಬಹುದು. ವ್ಯಾಪಾರದ ಕೆಲಸಕ್ಕೆ ಲೈಸೆನ್ಸ್ ಹಣ ಕೊಡಬೇಕು. ಓದುವ ಜನಕ್ಕೆ ಸಂಬಳ ಎಲ್ಲಿಂದಲಾದರೂ ಬರಬೇಕಲ್ವಾ, ನನಗೆ ಅದರಲ್ಲಿ ತಕರಾರಿಲ್ಲ. ಒಂದು ವಿಷಯ ಮಾತ್ರ ನೆನಪಿಡಿ: 2019ರಲ್ಲಿ ಗುರುತಿನ ಸಂಖ್ಯೆಗಳ ಕ್ರಮ ಬದಲಾಯಿತು. ವಿ600ಇ ಮೊದಲು ಕಾಸ್ಮ್476, ಈಗ ಕಾಸ್ವ್ ಅಂತ ಶುರುವಾಗುವ ಉದ್ದನೆಯ ಸಂಖ್ಯೆ. ಹಳೇ ರಿಪೋರ್ಟು ಹೊಸ ರಿಪೋರ್ಟು ಪಕ್ಕಪಕ್ಕ ಇಟ್ಟುಕೊಂಡು ಗಾಬರಿಯಾಗಬೇಡಿ. ಮತ್ತೆ ಅದೇ ಅಳಿಯ.

ಮನೆಯವರ ರಿಪೋರ್ಟಿನಲ್ಲಿ ಇಂಥ ಸಂಖ್ಯೆ ಕಂಡು ರಾತ್ರಿ ಕೂತು ಹುಡುಕುವವರಿಗೂ ಒಂದು ಮಾತು. ಆ ಸಂಖ್ಯೆ ಪಟ್ಟಿಯ ಕ್ರಮಸಂಖ್ಯೆ ಅಷ್ಟೇ, ಕಾಯಿಲೆ ಎಷ್ಟು ಜೋರು ಅನ್ನೋದರ ಅಳತೆ ಅಲ್ಲ. ಸಂಖ್ಯೆ ದೊಡ್ಡದಿದ್ದರೆ ಜಾಸ್ತಿ ಕೆಟ್ಟದ್ದು ಅಂತೇನಿಲ್ಲ (ಹೀಗೆ ಕೇಳಿದವರು ಇದ್ದಾರೆ, ಅದಕ್ಕೇ ಬರೆದೆ). ರಿಪೋರ್ಟಿನಲ್ಲಿ ಬದಲಾವಣೆ ಯಾವ ದರ್ಜೆಯದು ಅಂತ ಬರೆದಿರುತ್ತಾರೆ, ಒಂದರಿಂದ ನಾಲ್ಕರವರೆಗೆ (ಸೆನ್ಸಸ್‌ನ ಆ ಎರಡು ದರ್ಜೆ ಬೇರೆ, ಇದು ಬೇರೆ). ಅದನ್ನು ಹಿಡಿದುಕೊಂಡು ಡಾಕ್ಟರ್ ಹತ್ತಿರ ಮಾತಾಡಿ.

ಅಂಕ ಕೊಡಬೇಕಂದ್ರೆ ಐದಕ್ಕೆ ನಾಲ್ಕೂವರೆ. ಉಳಿದ ಅರ್ಧ ಯಾಕೆ ಅಂದರೆ, ಎಣಿಕೆಯ ದೊಡ್ಡ ಅಂಕಿ ಕಣ್ಣಿಗೆ ಮೊದಲು ಬೀಳುತ್ತದೆ, ಅದರ ಹಿಂದಿನ ಲೇಖನಗಳನ್ನು ನೋಡೋಕೆ ಇನ್ನೂ ಎರಡು ಮೂರು ಕ್ಲಿಕ್ ಬೇಕು. ಆ ಕ್ಲಿಕ್ಕುಗಳನ್ನು ಜನ ಮಾಡೋದಿಲ್ಲ. ನಾನೇ ಮಾಡುತ್ತಿರಲಿಲ್ಲ.

ನಿನ್ನೆ ಒಂದು ಬದಲಾವಣೆಗೆ ಎಣಿಕೆ 1 ಅಂತ ಬಂತು. ಜಗತ್ತಿನಲ್ಲಿ ಒಂದೇ ಒಂದು ಗೆಡ್ಡೆ. ಕ್ಲಿಕ್ ಮಾಡಿ ಒಳಗೆ ಹೋದೆ, ಲೇಖನ ಸಿಕ್ಕಿತು, ಅದರ ಪುರವಣಿಯ ಕೋಷ್ಟಕ ತೆಗೆದೆ, ಸಾವಿರಾರು ಸಾಲುಗಳ ನಡುವೆ ಆ ಒಂದು ಸಾಲು ಇತ್ತು. ರಕ್ತವನ್ನೂ ಜೊತೆಗೆ ಓದಿದ್ದರು. ನಮ್ಮದರಲ್ಲಿ ಹನ್ನೊಂದು ಪರ್ಸೆಂಟ್ ರೀಡ್‌ನಲ್ಲಿತ್ತು, ಗೆಡ್ಡೆ ಸೆಲ್ ಲೆಕ್ಕಕ್ಕೆ ಸರಿಯಾಗಿ ಕೂತಿತು. ಅರ್ಥ ಇನ್ನೂ ಗೊತ್ತಿಲ್ಲದ ಬದಲಾವಣೆ, ಮೂರನೇ ದರ್ಜೆ ಅಂತ ಬರೆದು ಮೇಡಂಗೆ ಕಳಿಸಿದೆ. ಈ ಸಲ ಕರೆ ಬರಲಿಲ್ಲ.